ಹುಡುಕಿದರೂ ಸಿಗದ ಕನ್ನಡ

ಅಂತರಜಾಲದ ಮೊದಲ ವರ್ಷಗಳ ಕನ್ನಡ ಬರಹಗಳಲ್ಲಿ ಅನೇಕವು ಇಂದಿಗೂ ಶೋಧಯಂತ್ರಗಳಿಗೆ ಎಟುಕುವುದಿಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ, ಗಣಕಗಳಲ್ಲಿ ಅದರ ಬಳಕೆ ಸುಗಮವಾಗಲು ಸುಮಾರು ಒಂದು ದಶಕ ಹಿಡಿಯಿತು. ಆ ನಡುವೆ ಕನ್ನಡವನ್ನು ಪರದೆಗೆ ತಂದ ಕೀರ್ತಿ 'ಬರಹ', 'ನುಡಿ'ಯಂತಹ ತಂತ್ರಾಂಶಗಳದು. 1998ರಲ್ಲಿ 'ಬರಹ'ವನ್ನು ರೂಪಿಸಿದ ಶೇಷಾದ್ರಿವಾಸು ಅವರು ಅಮೆರಿಕದಲ್ಲಿದ್ದ ಕನ್ನಡಿಗರೆಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ಅಂದಿನ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರವನ್ನು ತೊಡಿಸಿದ್ದವು. ಓದುಗರ ಕಣ್ಣಿಗೆ ಕನ್ನಡವಾಗಿ ಕಂಡದ್ದು ಶೋಧಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿತ್ತು. ಯೂನಿಕೋಡ್ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಕೇತವನ್ನಿತ್ತು ಈ ತೊಡಕನ್ನು ನೀಗಿಸಿತು.

ಸದಸ್ಯರ ಮನೆಗಳಲ್ಲಿ ಹಳೆಯ ಫಾಂಟ್‌ಗಳ ಕಡತಗಳಿದ್ದರೆ ದಯವಿಟ್ಟು ಯೂನಿಕೋಡ್‌ಗೆ ಪರಿವರ್ತಿಸಿಡಿ. ಹುಡುಕಲು ಸಿಗದ ಬರಹ ಮುಂದಿನ ಪೀಳಿಗೆಗೆ ಇಲ್ಲದಂತೆಯೇ ಸರಿ.