ನೂರು ತುಂಬಿದ ಶಾಲೆಯ ಋಣ

ಶಾಲೆಯೊಂದಕ್ಕೆ ನೂರು ವರ್ಷ ತುಂಬಿತೆಂದರೆ ನಾವು ಹಬ್ಬ ಮಾಡುತ್ತೇವೆ. ತಳಿರುತೋರಣ, ಸ್ಮರಣಸಂಚಿಕೆ, ಹಳೆಯ ವಿದ್ಯಾರ್ಥಿಗಳಿಗೆ ಶಾಲು ಹಾರ, ಎಲ್ಲವೂ ಆಗತಕ್ಕದ್ದೇ. ಆದರೆ ಆ ನೂರು ವರ್ಷ ಶಾಲೆಯನ್ನು ಸಾಕಿದವರು ಯಾರು ಎಂಬ ಲೆಕ್ಕವನ್ನು ನಾವು ತೆಗೆಯುವುದು ಕಡಮೆ. ವಾಚಕರು ಒಪ್ಪುವುದಾದರೆ ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡೋಣ.

ನಮ್ಮ ನಾಡಿನಲ್ಲಿ ಇದು ಹಳೆಯ ಲೆಕ್ಕ. ವಿಜಯಪುರ ಜಿಲ್ಲೆಯ ಇಂಡಿಯ ಬಳಿ ಸಾಲೋಟಗಿ ಎಂಬ ಊರಿದೆ. ಅದರ ಹಿಂದಿನ ಹೆಸರು ಪಾವಿಟ್ಟಗೆ. ‘ಶಾಲೆ’ಯ ಮಾತು ಸೇರಿಯೇ ಇಂದಿನ ಹೆಸರಾಯಿತೆಂದು ಹೇಳುವುದುಂಟು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಕ್ರಿ.ಶ. 945ರ ಶಾಸನ ಅದನ್ನು ಹೇಳುತ್ತದೆ. ದೂರದೂರದಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ಓದಿಗೆ ಬೇಕಾದ ದೀಪಕ್ಕೆಂದೇ ಬೇರೆ ಭೂಮಿ. ಇವೆಲ್ಲ ದೊಡ್ಡವರ ದಾನದಿಂದ ನಡೆದವು. ಅದಕ್ಕಿಂತ ಸೊಗಸಾದುದು ಊರವರು ಮಾಡಿಕೊಂಡ ಕಟ್ಟಳೆ: ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರರ್ಧ, ಚೌಲವಾದರೆ ಇನ್ನೂ ಕಡಮೆ. ಮಂತ್ರಿ ಒಮ್ಮೆ ಕೊಟ್ಟನು. ಊರು ವರ್ಷವರ್ಷವೂ ಕೊಡಲು ಒಪ್ಪಿತು. ತಮ್ಮ ಮನೆಯ ಮಂಗಳಕಾರ್ಯದಲ್ಲಿ ಶಾಲೆಗೂ ಒಂದು ಎಲೆ ಹಾಕಿದವರು ಅವರು.

ಆ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ, ಅದನ್ನು ಮರೆಮಾಚಬೇಕಾಗಿಲ್ಲ. ಬಾಗಿಲನ್ನು ಅಗಲ ಮಾಡಿದ್ದು ನಮ್ಮ ಕಾಲದ ಹೈಸ್ಕೂಲು. ನಿದರ್ಶನಕ್ಕೆ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ತೆಗೆದುಕೊಳ್ಳಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಸರ್ಕಾರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ನಿರ್ಮಿಸಿತು. ಹೀಗೆ ಮೃತ್ಯುಭಯದಿಂದ ಹುಟ್ಟಿದ ಬಡಾವಣೆಯಲ್ಲಿ, ಇಪ್ಪತ್ತು ವರ್ಷ ತುಂಬುವುದರೊಳಗೆ, 1917ರಲ್ಲಿ ಈ ಶಾಲೆ ತಲೆಯೆತ್ತಿತು. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿ ಅದಕ್ಕೆ ಪ್ರೇರಣೆ. ಅದೇ ವರ್ಷ ಮದರಾಸು ಸರ್ಕಾರ ಆಕೆಯನ್ನು ಬಂಧನದಲ್ಲಿಟ್ಟಿತ್ತು ಎಂಬುದನ್ನು ನೆನೆದರೆ, ‘ನ್ಯಾಷನಲ್’ ಎಂಬ ಹೆಸರನ್ನು ಶಾಲೆಯ ಹಣೆಯ ಮೇಲೆ ಬರೆಯಲು ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದು ತಿಳಿಯುತ್ತದೆ. ಆಳುವವರ ಕಚೇರಿಗೆ ಗುಮಾಸ್ತರನ್ನು ಒದಗಿಸುವುದಲ್ಲ, ನಾಡಿಗೆ ಪ್ರಜೆಗಳನ್ನು ಒದಗಿಸುವುದು ವಿದ್ಯೆಯ ಗುರಿ ಎಂಬುದು ಆ ಹೆಸರಿನ ಅರ್ಥ.

ಅರ್ಥ ಬರಿಯ ಹೆಸರಿನಲ್ಲಿ ಉಳಿಯಲಿಲ್ಲ. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ, ಬಸ್ಸಿಗೆ ಕಾಸಿಲ್ಲದೆ, ಸುಮಾರು 80 ಕಿಲೋಮೀಟರು ಎರಡು ದಿನ ನಡೆದು ಈ ಶಾಲೆ ಸೇರಿದನು. ಮರುವರ್ಷ ಗಾಂಧೀಜಿ ಬೆಂಗಳೂರಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿರುಗಿಸಿದವನು ಅದೇ ಹುಡುಗ. ಆತನೇ ಎಚ್. ನರಸಿಂಹಯ್ಯ. 1942ರಲ್ಲಿ ಓದು ಬಿಟ್ಟು ಸೆರೆಮನೆಗೆ ಹೋದರು. ಆಮೇಲೆ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದಲ್ಲಿ ಡಾಕ್ಟರೇಟು ಪಡೆದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಇಷ್ಟೆಲ್ಲ ಆದ ಮೇಲೂ, 2005ರಲ್ಲಿ ತೀರಿಕೊಳ್ಳುವವರೆಗೆ, ಅವರ ವಾಸ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲೇ. ಕಲಿತ ಸಂಸ್ಥೆಯನ್ನು ತಮ್ಮ ಸೀಮೆಗೂ ಕೊಂಡೊಯ್ದು, ಗೌರಿಬಿದನೂರು ಬಾಗೇಪಲ್ಲಿಗಳ ಕಡೆ ವಿದ್ಯಾಲಯಗಳನ್ನು ಬೆಳೆಸಿದರು. ತಾನು ನಡೆದಷ್ಟು ದೂರ ಮುಂದಿನ ಹುಡುಗ ನಡೆಯಬಾರದೆಂಬುದೇ ಅವರು ಋಣ ತೀರಿಸಿದ ಬಗೆ.

2017ಕ್ಕೆ ಆ ಶಾಲೆಗೆ ನೂರು ತುಂಬಿತು. ಶತಮಾನ ಕಂಡ ಶಾಲೆಗಳು ನಾಡಿನ ಹೋಬಳಿ ಹೋಬಳಿಗಳಲ್ಲಿವೆ. ಅವುಗಳಲ್ಲಿ ಕೆಲವಕ್ಕೆ ಇಂದು ಮಕ್ಕಳೇ ಇಲ್ಲ. ಕಟ್ಟಡವಿದೆ, ಗಂಟೆಯಿದೆ, ಹಾಜರಿ ಪುಸ್ತಕದ ಹಾಳೆಯೊಂದೇ ಖಾಲಿ. ಅನುಕೂಲವುಳ್ಳವರ ಮಕ್ಕಳು ಬೇರೆ ಶಾಲೆಗೆ ಹೋದರು. ಅವರ ಹಿಂದೆಯೇ ಊರಿನ ಮಮತೆಯೂ ಹೋಯಿತು. ಸರ್ಕಾರ ಸಂಬಳ ಕೊಡಬಹುದು, ಸೂರು ಹಾಕಿಸಬಹುದು. ಮಮತೆಯನ್ನು ಮಂಜೂರು ಮಾಡುವ ಆಜ್ಞೆ ಯಾವ ಸರ್ಕಾರದಲ್ಲಿಯೂ ಹೊರಡುವುದಿಲ್ಲ. ತರಗತಿಯಲ್ಲಿ ಅರ್ಧ ಬೆಂಚು ಬರಿದಾಗಿರುವಾಗ ಹಳಗನ್ನಡ ಪದ್ಯವನ್ನು ಬಿಡಿಸಿ ಹೇಳುವ ಉಪಾಧ್ಯಾಯನಿಗೆ ಇದು ಚೆನ್ನಾಗಿ ಗೊತ್ತು.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನೀವು ಕಲಿತ ಶಾಲೆಗೆ ಐವತ್ತೋ ನೂರೋ ತುಂಬುವಾಗ ವೇದಿಕೆಯ ಮೇಲೆ ಕುಳಿತು ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಮುಂದಿನ ವರ್ಷ, ಉತ್ಸವವಿಲ್ಲದ ಒಂದು ಸಾಮಾನ್ಯ ಸೋಮವಾರ, ಇನ್ನೊಮ್ಮೆ ಹೋಗಿ. ಪುಸ್ತಕಭಂಡಾರದ ಬೀರು ತೆರೆಸಿ ನೋಡಿ. ಎಷ್ಟು ಮಕ್ಕಳು ಬರುತ್ತಾರೆ, ಎಷ್ಟು ದೂರದಿಂದ ಬರುತ್ತಾರೆ ಎಂದು ಕೇಳಿ. ಮನೆಯಲ್ಲಿ ಮದುವೆ ನಡೆದರೆ ಸಾಲೋಟಗಿಯವರ ಐದು ನಾಣ್ಯವನ್ನು ನೆನಪಿಗೆ ತಂದುಕೊಳ್ಳಿ. ಸಾವಿರ ವರ್ಷದ ಹಿಂದಿನ ಆ ಕಟ್ಟಳೆಯನ್ನು ಇಂದು ಪಾಲಿಸಲು ಯಾವ ಅಡ್ಡಿಯೂ ಇಲ್ಲ.