ಬೆಣ್ಣೆಚಾವಡಿಯ ದನಗಳು

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ 'ಬೆಣ್ಣೆಚಾವಡಿ'ಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಹೆಸರೇನೋ ಹಾಲಿನದು, ಮಂದೆ ಹೆಸರಾದದ್ದು ಫಿರಂಗಿ ಎಳೆಯುವ ಎತ್ತುಗಳಿಂದ.

ಇವು ಕೊಟ್ಟಿಗೆಯ ದನಗಳಲ್ಲ. ಬಯಲುಸೀಮೆಯ ಕಾವಲುಗಳಲ್ಲಿ ಬಿಸಿಲು, ಬರ, ಉಣುಗು ಎಲ್ಲವನ್ನೂ ತಾಳಿಕೊಂಡವು ಕರು ಹಾಕಿದವು, ತಾಳದವು ಉಳಿಯಲಿಲ್ಲ. ತಳಿಯ ವಂಶವಾಹಿಗಳು ಸೋಸಿಬಂದದ್ದು ಈ ಜರಡಿಯಲ್ಲಿ. ಯುರೋಪಿನ ದನಗಳಿಗೆ ಹೋಲಿಸಿದರೆ ಡುಬ್ಬವಿರುವ ನಮ್ಮ ದನಗಳ ಬೆವರುಗ್ರಂಥಿಗಳು ದೊಡ್ಡವು, ಕೂದಲು ಗಿಡ್ಡ, ಮೈಯೊಳಗೆ ಹುಟ್ಟುವ ಶಾಖವೂ ಕಡಿಮೆ. ಇದು ಒಂದು ವಂಶವಾಹಿಯ ಕೆಲಸವಲ್ಲ. ಹಲವು ಕೂಡಿ ಮಾಡುವಂಥದು. ತಲೆಮಾರುಗಟ್ಟಲೆ ಜೆರ್ಸಿ, ಎಚ್‌ಎಫ್ ಹೋರಿಗಳೊಡನೆ ಬೆರೆಸಿದರೆ ಹಾಲು ಹೆಚ್ಚುತ್ತದೆ, ಈ ಕೂಟ ಮಾತ್ರ ಒಡೆಯುತ್ತದೆ. ಅಮೃತಮಹಲ್ ಹಸುವಿನ ಹಾಲು ಅದರ ಕರುವಿಗೆ ಸಾಕಾದರೆ ಹೆಚ್ಚು. ಹಾಗಾಗಿ ರೈತನನ್ನು ದೂರುವಂತೆಯೂ ಇಲ್ಲ.

ತಳಿ ಚದುರಿದರೆ ಏನಾಗುತ್ತದೆಂದು ಬ್ರಿಟಿಷರು ಕಂಡಿದ್ದರು. ಖರ್ಚು ಹೆಚ್ಚೆಂದು 1860ರಲ್ಲಿ ಇಡೀ ಮಂದೆಯನ್ನೇ ಮಾರಿದರು. ಸೇನೆಗೆ ಅಂಥ ಎತ್ತುಗಳು ಸಿಗದೆ 1866ರಲ್ಲಿ ಹಸು, ಹೋರಿಗಳನ್ನು ಹುಡುಕಿ ತಂದು ಮತ್ತೆ ಕಟ್ಟಿದರು. ಹುಡುಕಿದರೆ ಸಿಗುವಷ್ಟು ಆಗ ಉಳಿದಿದ್ದವು. ಇಂದು ಅಜ್ಜಂಪುರದಲ್ಲಿ ಸರ್ಕಾರದ ತಳಿ ಕೇಂದ್ರವಿದೆ. ಕಾವಲುಗಳ ಬಹುಪಾಲು ಬೇರೆಬೇರೆ ಕೆಲಸಗಳಿಗೆ ಹಂಚಿಹೋಗಿದೆ.