ಕೇಜನ್ ಅಡುಗೆ: ಆಲೂಗಡ್ಡೆಯಾಚೆಗಿನ ಕಥೆ

ಬೆಂಗಳೂರು: ಗಿರಿನಗರ, ಬನಶಂಕರಿ, ಜಯನಗರದ ಕಡೆಯ ಅನೇಕರಿಗೆ ‘ಕೇಜನ್’ ಎಂದರೆ ಬಾರ್ಬೆಕ್ಯೂ ನೇಷನ್ ಮೇಜಿಗೆ ಬರುವ, ಸಾಸ್ ಸುರಿದ ಪುಟ್ಟ ಆಲೂಗಡ್ಡೆ. ಅಮೆರಿಕದ ಲೂಯಿಸಿಯಾನಾದ ಕೇಜನ್ನರು ಅದನ್ನು ತಮ್ಮದೆಂದು ಗುರುತಿಸುವುದು ಕಷ್ಟ.

ಕೇಜನ್ನರ ಪೂರ್ವಿಕರು ಇಂದಿನ ಕೆನಡಾಕ್ಕೆ ಸೇರಿದ ಅಕೇಡಿಯಾದ ಫ್ರೆಂಚ್ ಭಾಷಿಕರು. 1755ರಿಂದ ಬ್ರಿಟಿಷರು ಅವರನ್ನು ಊರುಬಿಡಿಸಿದರು. ಅಲೆದಲೆದು ಹಲವರು ಲೂಯಿಸಿಯಾನಾದ ಜೌಗು ನಾಡಿನಲ್ಲಿ ನೆಲೆನಿಂತರು. ‘ಅಕೇಡಿಯನ್’ ಎಂಬ ಪದವೇ ಸವೆದು ‘ಕೇಜನ್’ ಆಯಿತು. 1921ರ ರಾಜ್ಯ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯಗೊಳಿಸಿತು. ಮನೆಮಾತಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದರು. ಭಾಷೆ ಕ್ಷೀಣಿಸಿತು, ಅಡುಗೆ ಉಳಿಯಿತು.

ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಈ ಅಡುಗೆಯ ಬುನಾದಿ. ಎಣ್ಣೆಯಲ್ಲಿ ಮೈದಾವನ್ನು ಕಂದುಬಣ್ಣ ಬರುವವರೆಗೆ ಹುರಿದ ‘ರೂ’ ಸೇರಿಸಿ ಬಹುಹೊತ್ತು ಕುದಿಸಿದರೆ ಗಂಬೋ. ಅದನ್ನು ಅನ್ನದೊಂದಿಗೆ ಉಣ್ಣುತ್ತಾರೆ. ಗಂಬೋ ಎಂಬ ಹೆಸರು ಬೆಂಡೆಕಾಯಿಯನ್ನು ಸೂಚಿಸುವ ಆಫ್ರಿಕಾ ಮೂಲದ ಪದದಿಂದ ಬಂದದ್ದು. ನಮ್ಮವರು ಹುಳಿ ಹಾಕಿ ಅಡಗಿಸುವ ಬೆಂಡೆಯ ಲೋಳೆಯೇ ಅಲ್ಲಿ ಸಾರನ್ನು ಮಂದಗೊಳಿಸುವ ಸಾಧನ!

ಹಾಗಾದರೆ ಕೇಜನ್ ಎಂದರೆ ಬರೀ ಮಸಾಲೆಪುಡಿ ಎಂಬ ಭಾವನೆ ಬಂದದ್ದೆಲ್ಲಿಂದ? ಪಾಲ್ ಪ್ರುಡೋಮ್ 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತೆರೆದ ಭೋಜನಾಲಯದ, ಮಸಾಲೆ ಹಚ್ಚಿ ಕಪ್ಪಾಗಿಸಿದ ‘ರೆಡ್‌ಫಿಶ್’ ಇದಕ್ಕೆ ಬಹುಮಟ್ಟಿಗೆ ಕಾರಣ. ಬೇಡಿಕೆ ಎಷ್ಟೆಂದರೆ, 1980ರ ದಶಕದಲ್ಲಿ ಆ ಮೀನಿನ ವಾಣಿಜ್ಯ ಬೇಟೆಗೇ ನಿರ್ಬಂಧ ಬಿತ್ತು.

ಜೊತೆಗಿನ ಕ್ರಾಫ್ಟ್ ಬಿಯರ್ ಲೂಯಿಸಿಯಾನಾದಲ್ಲಿ 1986ರ ಅಬೀಟಾ ಬ್ರೂವರಿಯಿಂದ ಹೆಸರಾಯಿತು. ಯುನೈಟೆಡ್ ಬ್ರೂವರೀಸ್‌ನ ಊರಾದ ಬೆಂಗಳೂರಿನಲ್ಲಿ, ಗ್ರಾಹಕರ ಕಣ್ಣೆದುರೇ ಬಿಯರ್ ತಯಾರಿಸುವ ‘ಬಿಯರ್ ಕ್ಲಬ್’ ಲ್ಯಾವೆಲ್ಲೆ ರಸ್ತೆಯಲ್ಲಿ ಆರಂಭವಾದದ್ದು 2011ರಲ್ಲಿ. ಅಂತಹ ಬ್ರೂಪಬ್‌ಗಳು ನಗರದಲ್ಲಿ ಈಗ ಹಲವಾರು. ಗಂಬೋ ಮಾತ್ರ ಅಪರೂಪ.